ಮಂಗಳೂರಿನ ಕಾರ್ಮೆಲ್ ಮಠವೂ ಸಾಧ್ವಿ ಮರಿಯಂಳೂ

ಕಾರ್ಮೆಲ್ ಎಂಬುದು ಇಂದಿನ ಇಸ್ರೇಲ್ ದೇಶದ ಒಂದು ಪರ್ವತ. ಕ್ರಿ. ಶ. 12ನೆಯ ಶತಮಾನದಲ್ಲಿ ಅಲ್ಲಿ ತಪೋನಿರತರಾಗಿದ್ದ ಕ್ರೈಸ್ತ ವಿರಕ್ತರಿಂದ ಕಾರ್ಮೆಲ್ ಸಂಘವು ಉದಯಿಸಿತು. 1562ರಲ್ಲಿ ಸ್ಪೇನ್ ದೇಶದ ಆವಿಲ ನಗರದಲ್ಲಿ ತೆರೇಸಾ ಎಂಬ ಸಾಧ್ವಿಯು ಆ ಸಂಘವನ್ನು ಸಂಸ್ಕರಿಸಿ, ಮೌನ, ಏಕಾಂತ, ಧ್ಯಾನಗಳೇ ಪ್ರಧಾನವಾದ ಸಂನ್ಯಾಸಿನೀಮಠವನ್ನು ಸ್ಥಾಪಿಸಿದಳು. ಅಂತಹ ಮಠದ ಆವರಣವನ್ನು ಸಂನ್ಯಾಸಿನಿಯರು ಸಾಮಾನ್ಯವಾಗಿ ದಾಟುವುದಿಲ್ಲ.

ಈ ಸಂಪ್ರದಾಯವು ಭಾರತದಲ್ಲಿ ಮೊದಲು ನೆಲೆಗೊಂಡುದು ಮಂಗಳೂರಿನಲ್ಲಿ. ತಾವೂ ಕಾರ್ಮೆಲ್ ಸಂಘದವರೇ ಆಗಿದ್ದ ಬಿಷಪ್ ಮರೀ ಎಫ್ರೆಮರ ಕೋರಿಕೆಯಂತೆ 1870ನೆಯ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಪೋ ನಗರದಿಂದ ಸಂನ್ಯಾಸಿನಿಯರು ಹೊರಟರು. ಅವರಲ್ಲಿ ಮೂವರು ಮಾರ್ಗಮಧ್ಯದಲ್ಲಿಯೇ ಮೃತರಾದರು. ಆ ವರ್ಷದ ಕೊನೆಗೆ ಮಠವು ಆರಂಭವಾಯಿತು.

ಹಾಗೆ ಬಂದವರಲ್ಲಿ ಗಲಿಲೇಯದ ಇಬಿಲ್ಲಿನ್ ಗ್ರಾಮದಲ್ಲಿ 1846ರಲ್ಲಿ ಜನಿಸಿದ ಮರಿಯಂ ಬವಾರ್ದಿಯೂ ಒಬ್ಬಳು. ಈಕೆ ಬಾಲ್ಯದಲ್ಲಿಯೇ ಅನಾಥೆಯಾದವಳು. ಓದುಬರಹವನ್ನು ಹೆಚ್ಚಾಗಿ ಬಲ್ಲವಳಲ್ಲ. 1871ನೆಯ ನವೆಂಬರ್ 21ರಂದು ಮಂಗಳೂರಿನಲ್ಲಿಯೇ ಈಕೆ ವ್ರತಸ್ವೀಕಾರ ಮಾಡಿದಳು. ಆದರೆ ಈಕೆಯ ಧ್ಯಾನಾನುಭವಗಳನ್ನು ಹಿರಿಯರು ಶಂಕಿಸಿದರು. 1872ರಲ್ಲಿ ಈಕೆಯನ್ನು ಪೋ ನಗರಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಅನಂತರ ಬೆತ್ಲೆಹೇಮಿನ ಕಾರ್ಮೆಲ್ ಮಠದ ಸ್ಥಾಪನೆಗೆ ನೆರವಾಗಿ, 1878ರಲ್ಲಿ ಅಲ್ಲಿಯೇ ದೇಹವಿಟ್ಟಳು. 2015ನೆಯ ಮೇ 17ರಂದು ಪೋಪ್ ಫ್ರಾನ್ಸಿಸರು ಈಕೆಯನ್ನು ಸಂತಳೆಂದು ಘೋಷಿಸಿದರು.

ಅನುಭಾವಕ್ಕೆ ಬಾಹ್ಯಪ್ರಮಾಣವು ದುರ್ಲಭ. ಸಮೀಪದಲ್ಲಿದ್ದವರ ಸಂದೇಹವೂ 143 ವರ್ಷಗಳ ತರುವಾಯದ ಮನ್ನಣೆಯೂ ಒಂದೇ ಜೀವನವನ್ನು ಕುರಿತವು. ಆದುದರಿಂದ ಮೌನವನ್ನೇ ವ್ರತವಾಗಿ ಹಿಡಿದವರ ಚರಿತ್ರೆಯನ್ನು ಬರೆಯುವವನು ಇವೆರಡನ್ನೂ ದಾಖಲಿಸಬೇಕು. ಒಂದರಿಂದ ಇನ್ನೊಂದನ್ನು ಅಳಿಸಲಾಗದು.