ನಿನೆವೆಯ ಪಶ್ಚಾತ್ತಾಪ

ನಿನೆವೆಯ ಪಶ್ಚಾತ್ತಾಪವು ಬೈಬಲ್ಲಿನ ಹಳೆಯ ಒಡಂಬಡಿಕೆಯ ಯೋನನ ಗ್ರಂಥದಲ್ಲಿ, ಮೂರನೆಯ ಅಧ್ಯಾಯದಲ್ಲಿ ಬರುವ ಪ್ರಸಂಗ. ದೈವೀ ಎಚ್ಚರಿಕೆಗೂ ಮನುಷ್ಯನ ಮಾನಸಾಂತರಕ್ಕೂ ಇರುವ ನಂಟನ್ನು ಕ್ರೈಸ್ತ ಚಿಂತನೆ ಮತ್ತೆ ಮತ್ತೆ ಇದರ ಮೂಲಕ ಯೋಚಿಸುತ್ತ ಬಂದಿದೆ. ನಿನೆವೆ ಟೈಗ್ರಿಸ್ ನದಿಯ ಪೂರ್ವ ದಂಡೆಯಲ್ಲಿ, ಇಂದಿನ ಇರಾಕಿನ ಮೋಸುಲ್ ಬಳಿ ಇದ್ದ ಅಸ್ಸೀರಿಯದ ಮಹಾನಗರ. ಇಸ್ರಾಯೇಲಿನ ಪಾಲಿಗೆ ಶತ್ರುವಿನ ಊರು. ನಲವತ್ತು ದಿನಗಳಲ್ಲಿ ಪಟ್ಟಣ ಅಳಿಯುವುದೆಂದು ಪ್ರವಾದಿ ಯೋನ ಸಾರುತ್ತಾನೆ. ತಿರುಗಿಕೊಂಡರೆ ಉಳಿಯಬಹುದೆಂಬ ಷರತ್ತು ಅವನ ಸಾರಿಕೆಯಲ್ಲಿಲ್ಲ. ಆದರೂ ಜನ ಉಪವಾಸ ಮಾಡುತ್ತಾರೆ, ಅರಸ ಸಿಂಹಾಸನದಿಂದಿಳಿದು ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂರುತ್ತಾನೆ, ದನಕುರಿಗಳಿಗೂ ಮೇವು ನೀರು ನಿಲ್ಲುತ್ತದೆ. ಪಟ್ಟಣ ಉಳಿಯುತ್ತದೆ.

ದೇವರು ಎಚ್ಚರಿಸುವುದು ಆ ಎಚ್ಚರಿಕೆ ನಿಜವಾಗದಿರಲೆಂದೇ ಎಂಬುದು ಈ ಕಥನದ ತಿರುಳು. ನಾಶವೇ ಉದ್ದೇಶವಾಗಿದ್ದರೆ ನಲವತ್ತು ದಿನಗಳ ಗಡುವಾಗಲಿ, ಈ ಕರೆಯನ್ನು ತಪ್ಪಿಸಿಕೊಂಡು ಮೊದಲು ಹಡಗು ಹತ್ತಿ ಓಡಿಹೋದ ಪ್ರವಾದಿಯನ್ನು ಸಮುದ್ರದಿಂದ ಮರಳಿ ತರುವುದಾಗಲಿ ಬೇಕಿರಲಿಲ್ಲ. ನುಡಿದದ್ದು ನಡೆಯದಿದ್ದರೆ ಪ್ರವಾದನೆ ಸುಳ್ಳೆಂದು ಧರ್ಮೋಪದೇಶಕಾಂಡ ಹೇಳುತ್ತದೆಯಲ್ಲ ಎಂಬ ಆಕ್ಷೇಪ ಸಹಜ. ಯೆರೆಮೀಯನ 18ನೆಯ ಅಧ್ಯಾಯದ ಕುಂಬಾರನ ಪ್ರಸಂಗ ಅದಕ್ಕೆ ಉತ್ತರ ಕೊಡುತ್ತದೆ: ಕೆಡುಕನ್ನು ಬಿಟ್ಟ ಜನಾಂಗಕ್ಕೆ ಬರಬೇಕಿದ್ದ ಕೇಡನ್ನು ದೇವರು ತಡೆಯುತ್ತಾನೆ. ಬಾಯಲ್ಲಿ ಹೇಳದಿದ್ದರೂ ಷರತ್ತು ಎಚ್ಚರಿಕೆಯೊಳಗೇ ಇದೆ. ಇದರಿಂದ ದೇವರ ಮನಸ್ಸು ಚಂಚಲವೆಂದಾಗದು. ಬದಲಾದದ್ದು ನಿನೆವೆ, ಕರುಣೆ ಮೊದಲಿನಿಂದಲೂ ಇದ್ದದ್ದು. ಯೋನನಿಗೂ ಇದು ಗೊತ್ತಿತ್ತು. ತಾನು ಮೊದಲು ತಾರ್ಷೀಷಿಗೆ ಓಡಿಹೊರಟದ್ದು ಈ ಕರುಣೆಯ ಅಂಜಿಕೆಯಿಂದಲೇ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಅವನೇ ಸಿಟ್ಟಿನಿಂದ ದೂರುತ್ತಾನೆ.

ಹೆದರಿ ಪಟ್ಟ ಪಶ್ಚಾತ್ತಾಪಕ್ಕೆ ಬೆಲೆಯೆಷ್ಟು ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಭಯದಲ್ಲಿ ಶುರುವಾದದ್ದು ಭಯದಲ್ಲೇ ಮುಗಿಯಬೇಕೆಂದಿಲ್ಲ. ಅರಸನ ಆಜ್ಞೆ ಉಪವಾಸಕ್ಕೆ ನಿಲ್ಲದೆ ಪ್ರಜೆಗಳು ತಮ್ಮ ಹಿಂಸೆಯನ್ನು ಬಿಡಬೇಕೆನ್ನುತ್ತದೆ. ದಂಡಯಾತ್ರೆಗಳಿಂದ ಬೆಳೆದ ಸಾಮ್ರಾಜ್ಯಕ್ಕೆ ಇದಕ್ಕಿಂತ ಕಷ್ಟದ ಕಟ್ಟಳೆ ಇರಲಾರದು. ಕ್ಷಮೆಯ ಖಾತ್ರಿಯೂ ಅವನಿಗಿಲ್ಲ, ದೇವರು ಕನಿಕರಿಸಿಯಾನೇನೋ ಎಂಬ ನಿರೀಕ್ಷೆಯಷ್ಟೇ. ದೇವರು ಅವರ ನಡತೆಯನ್ನು ಕಂಡನೆಂದು ಗ್ರಂಥ ಹೇಳುವಾಗ ಗೋಣಿತಟ್ಟಿನ ಮಾತೇ ಬರುವುದಿಲ್ಲ. ಇನ್ನು ಚರಿತ್ರೆಯ ಪ್ರಶ್ನೆ. ಅಸ್ಸೀರಿಯದ ದಾಖಲೆಗಳಲ್ಲಿ ಈ ಘಟನೆ ಸಿಕ್ಕಿಲ್ಲ. ಯೆಹೂದ್ಯರ ಬಾಬೆಲಿನ ಸೆರೆಯ ನಂತರ ರಚಿತವಾದ ಬೋಧಪ್ರದ ಕಥನವೆಂದು ಹಲವು ವಿದ್ವಾಂಸರು ಇದನ್ನು ಓದುತ್ತಾರೆ. ಹಾಗೆ ಓದಿದರೆ ವಾದ ಇನ್ನಷ್ಟು ಹರಿತವಾಗುತ್ತದೆ. ಕ್ರಿ.ಪೂ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ನಿನೆವೆಯನ್ನು ಕೆಡವಿದ್ದನ್ನು ಬಲ್ಲ ಓದುಗರ ಮುಂದೆ ಈ ಕಥೆ ನಿಂತಿದೆ. ಒಂದು ತಲೆಮಾರು ತಿರುಗಿಕೊಂಡದ್ದು ಮುಂದಿನವರನ್ನು ಕಾಯಲಿಲ್ಲ.

ಸಿರಿಯಕ್ ಸಂಪ್ರದಾಯದ ಸಭೆಗಳು ಇಂದಿಗೂ ಈಸ್ಟರಿನ ಮುಂಚಿನ ದೀರ್ಘ ಉಪವಾಸಕ್ಕೆ ಮೂರು ವಾರ ಮೊದಲು ಮೂರು ದಿನ ನಿನೆವೆಯ ಉಪವಾಸ ಹಿಡಿಯುತ್ತವೆ. ಕೇರಳದ ಕುರವಿಲಂಗಾಡಿನಲ್ಲಿ ಆಗ ಯೋನನ ಹಡಗಿನ ಮಾದರಿಯನ್ನು ಹೊತ್ತು ಮೆರವಣಿಗೆ ನಡೆಯುತ್ತದೆ. ಪ್ರತಿ ವರ್ಷ ಆಚರಿಸುವುದೇ ಸರಿ, ಏಕೆಂದರೆ ಎಚ್ಚರಿಕೆಯನ್ನು ಬೇರೆಯವರ ಮೇಲೆ ಹೊರಿಸುವ ಚಾಳಿ ಧಾರ್ಮಿಕರಲ್ಲೇ ಬೇಗ ಬೆಳೆಯುತ್ತದೆ. ನೆರೆ, ರೋಗ, ಅಪಘಾತಗಳನ್ನು ಸತ್ತವರ ಪಾಪದ ಫಲವೆನ್ನುವುದು ಇದರ ಕ್ರೂರ ರೂಪ. ಲೂಕನ 13ನೆಯ ಅಧ್ಯಾಯದಲ್ಲಿ ಯೇಸು ಇದನ್ನು ನೇರವಾಗಿ ತಳ್ಳಿಹಾಕುತ್ತಾನೆ: ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಾಗಿರಲಿಲ್ಲ, ಮಾನಸಾಂತರದ ಕರೆ ತನ್ನ ಮುಂದೆ ನಿಂತು ಕೇಳುತ್ತಿರುವವರಿಗೆ.