ಕ್ಲೀವ್‌ಲೆಂಡ್ ನಗರದಲ್ಲಿ ಅಡಮಾನದ ಮನೆಗಳ ಹರಾಜು: ಒಂದು ಐತಿಹಾಸಿಕ ವಿವೇಚನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಂಭವಿಸಿದ ಗೃಹಸಾಲದ ವಿಪತ್ತನ್ನು ವರ್ಣಿಸುವವರು ತಮ್ಮ ಕಥನವನ್ನು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಆರಂಭಿಸುತ್ತಾರೆ. ೨೦೦೬ರ ವರೆಗೆ ಮನೆಗಳ ಬೆಲೆ ಮಿತಿಮೀರಿ ಏರಿತು, ಆಮೇಲೆ ಕುಸಿಯಿತು, ೨೦೦೮ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾಯಿತು, ಅದರ ಫಲವಾಗಿ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು ಎಂಬುದು ಆ ಕಥನದ ಕ್ರಮ. ಕ್ಯಾಲಿಫೋರ್ನಿಯ, ಫ್ಲಾರಿಡ ಮೊದಲಾದ ಪ್ರಾಂತಗಳಿಗೆ ಈ ಕ್ರಮ ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಒಹೈಯೊ ಸಂಸ್ಥಾನದಲ್ಲಿ, ಈರಿ ಸರೋವರದ ದಂಡೆಯ ಮೇಲಿರುವ ಕ್ಲೀವ್‌ಲೆಂಡ್ ನಗರಕ್ಕೆ ಇದು ಒಪ್ಪುವುದಿಲ್ಲ. ಅಲ್ಲಿ ಬೆಲೆಯ ಉಬ್ಬರವೇ ಇರಲಿಲ್ಲವೆನ್ನಬಹುದು. ಆದರೂ ಮನೆಗಳ ಮೇಲಿನ ಅಡಮಾನ ದಾವೆಗಳು ೧೯೯೦ರ ದಶಕದ ನಡುವಿನಿಂದಲೇ ಏರತೊಡಗಿದ್ದವು. ಬೆಲೆ ಏರದ ಊರಿನಲ್ಲಿ ಮನೆಗಳು ಏಕೆ ಹರಾಜಿಗೆ ಬಂದವು ಎಂಬ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಪಾರಿಭಾಷಿಕ ಪದದ ವಿಷಯವಾಗಿ ಒಂದೆರಡು ಮಾತು ಅಗತ್ಯ. ಫೋರ್‌ಕ್ಲೋಷರ್ ಎಂಬ ಮಾತಿಗೆ ಮೂಲದಲ್ಲಿ ಹರಾಜು ಎಂಬ ಅರ್ಥವಿಲ್ಲ. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಸಾಲಗಾರನು ವಾಯಿದೆಯ ದಿನ ಹಣ ತೀರಿಸದಿದ್ದರೆ ಅಡವಿಟ್ಟ ಆಸ್ತಿ ಸಾಲ ಕೊಟ್ಟವನಿಗೆ ಸೇರುತ್ತಿತ್ತು. ನ್ಯಾಯಸಮದೃಷ್ಟಿಯ ನ್ಯಾಯಾಲಯಗಳು ಇದನ್ನು ಅತಿಕಠಿಣವೆಂದು ಎಣಿಸಿ, ವಾಯಿದೆ ಮೀರಿದ ಮೇಲೂ ಹಣ ಕೊಟ್ಟು ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನು ಸಾಲಗಾರನಿಗೆ ಕೊಟ್ಟವು. ಈ ವಿಮೋಚನೆಯ ಹಕ್ಕಿನ ಬಾಗಿಲನ್ನು ಶಾಶ್ವತವಾಗಿ ಮುಚ್ಚುವ ಆಜ್ಞೆಯೇ ಫೋರ್‌ಕ್ಲೋಷರ್. ನಮ್ಮ ೧೮೮೨ರ ಸ್ವತ್ತು ಹಸ್ತಾಂತರ ಅಧಿನಿಯಮದ ೬೦ನೆಯ ಮತ್ತು ೬೭ನೆಯ ಪ್ರಕರಣಗಳು ಇದೇ ಮೂಲದಿಂದ ಹುಟ್ಟಿದವಾದುದರಿಂದ ವಿಷಯ ನಮ್ಮ ಓದುಗರಿಗೆ ತೀರ ಅಪರಿಚಿತವಲ್ಲ. ಅಮೆರಿಕದಲ್ಲಿ ಆ ಪದದ ಅರ್ಥ ಹಿಗ್ಗಿ, ದಾವೆಯಿಂದ ಹರಾಜಿನವರೆಗಿನ ಇಡೀ ಕ್ರಮಕ್ಕೆ ಅನ್ವಯಿಸುತ್ತದೆ. ಒಹೈಯೊದಲ್ಲಿ ಈ ಕ್ರಮ ನ್ಯಾಯಾಲಯದ ಮೂಲಕವೇ ನಡೆಯಬೇಕು. ಸಾಲ ಕೊಟ್ಟವನು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡುತ್ತಾನೆ. ಡಿಕ್ರಿಯಾದ ಮೇಲೆ, ನಮ್ಮಲ್ಲಿ ಕೋರ್ಟಿನ ಅಮೀನನು ಮಾಡುವ ಕೆಲಸವನ್ನು ಅಲ್ಲಿ ಷೆರೀಫನು ಮಾಡುತ್ತಾನೆ. ನಾವು ವಿವೇಚಿಸುವ ವರ್ಷಗಳಲ್ಲಿ ಮನೆಯ ಬೆಲೆ ಕಟ್ಟಿಸಿ, ಆ ಬೆಲೆಯ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಗೆ ಹೋಗದಂತೆ ಹರಾಜು ಮಾಡಬೇಕೆಂಬ ನಿಯಮವಿತ್ತು. ನ್ಯಾಯಾಲಯವು ಹರಾಜನ್ನು ಸ್ಥಿರಪಡಿಸುವ ಕ್ಷಣದವರೆಗೂ ಸಾಲಗಾರನು ಮನೆಯನ್ನು ಬಿಡಿಸಿಕೊಳ್ಳಬಹುದಾಗಿತ್ತು. ಆದುದರಿಂದ ದಾವೆಗಳ ಸಂಖ್ಯೆಯನ್ನೇ ಕಳೆದುಹೋದ ಮನೆಗಳ ಸಂಖ್ಯೆಯೆಂದು ಎಣಿಸಲಾಗದು. ಒಂದೇ ಮನೆಯ ಮೇಲೆ ಎರಡು ಮೂರು ಸಲ ದಾವೆ ಬಿದ್ದುದೂ ಉಂಟು. ಈ ವಿವೇಕವಿಲ್ಲದೆ ಅಂಕಿಗಳನ್ನು ಬಳಸಿದ ಬರಹಗಳು ಅನೇಕ.

ಕ್ಲೀವ್‌ಲೆಂಡ್ ಉಕ್ಕಿನ ಊರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಊರಿನ ಆಗ್ನೇಯ ಭಾಗದ ಉರುಳು ಗಿರಣಿಗಳಿಗೆ ಕೂಲಿಗಾಗಿ ಬಂದ ಚೆಕ್ ಮತ್ತು ಪೋಲಿಷ್ ಜನರು ಬ್ರಾಡ್‌ವೇ ರಸ್ತೆಯ ಸುತ್ತ ನೆಲೆಸಿದರು. ಈಗ ಸ್ಲಾವಿಕ್ ವಿಲೇಜ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಭಾಗ ಇದೇ. ಇಕ್ಕಟ್ಟಾದ ನಿವೇಶನಗಳಲ್ಲಿ ಮರದ ಮನೆಗಳು, ಕೆಲವೆಡೆ ಮುಂದೊಂದು ಹಿಂದೊಂದು. ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟು ಆ ಬಾಡಿಗೆಯಿಂದ ಸಾಲ ತೀರಿಸುವುದು ಅಲ್ಲಿನ ಕುಟುಂಬಗಳ ರೂಢಿ. ಈ ಜನರು ತಮ್ಮ ಭಾಷೆಯವರೇ ಸೇರಿ ನಡೆಸುತ್ತಿದ್ದ ಕಟ್ಟಡ ಮತ್ತು ಸಾಲ ಸಂಘಗಳಿಂದ ಹಣ ಪಡೆಯುತ್ತಿದ್ದರು. ಸಂಘದ ಪದಾಧಿಕಾರಿಗಳು ಅದೇ ಬೀದಿಯವರು, ಅದೇ ಚರ್ಚಿಗೆ ಹೋಗುವವರು. ಸಾಲಗಾರನು ಕಂತು ತಪ್ಪಿಸಿದರೆ ಗಿರಣಿ ಮುಚ್ಚಿತೇ, ಮನೆಯಲ್ಲಿ ಕಾಯಿಲೆಯೇ ಎಂಬುದು ಅವರಿಗೆ ಕೇಳದೆಯೇ ತಿಳಿಯುತ್ತಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಒಡೆದುಹೋದುದು ಮುಖ್ಯವಾಗಿ ಈ ಪರಿಚಯವೇ.

ಪರಿಚಯವೊಂದೇ ಸಾಲದೆಂಬುದನ್ನು ೧೯೩೦ರ ದಶಕದ ಮಹಾಕುಸಿತ ತೋರಿಸಿಕೊಟ್ಟಿತು. ಆ ಕಾಲದ ಗೃಹಸಾಲಗಳ ಅವಧಿ ಬಹುತೇಕ ಮೂರರಿಂದ ಐದು ವರ್ಷ. ಅವಧಿ ಮುಗಿದಾಗ ಉಳಿದ ಅಸಲನ್ನು ಒಟ್ಟಿಗೆ ಕೊಡಬೇಕು, ಇಲ್ಲವೇ ಸಾಲವನ್ನು ಹೊಸದಾಗಿ ಬರೆಸಿಕೊಳ್ಳಬೇಕು. ಬ್ಯಾಂಕುಗಳೇ ಬಿದ್ದಾಗ ಹೊಸದಾಗಿ ಬರೆದುಕೊಡುವವರು ಯಾರು? ೧೯೩೩ರ ಮಾರ್ಚಿಯಲ್ಲಿ ದೇಶಾದ್ಯಂತ ಬ್ಯಾಂಕುಗಳಿಗೆ ರಜೆ ಘೋಷಿಸಿದ ಮೇಲೆ ಕ್ಲೀವ್‌ಲೆಂಡಿನ ಯೂನಿಯನ್ ಟ್ರಸ್ಟ್ ಮತ್ತು ಗಾರ್ಡಿಯನ್ ಟ್ರಸ್ಟ್ ಎಂಬ ಎರಡು ದೊಡ್ಡ ಬ್ಯಾಂಕುಗಳು ಮತ್ತೆ ಬಾಗಿಲು ತೆರೆಯಲಿಲ್ಲ. ಆ ವರ್ಷದ ಆದಿಯಲ್ಲಿ ದೇಶದಲ್ಲಿ ದಿನಕ್ಕೆ ಸುಮಾರು ೧,೦೦೦ ಮನೆಗಳು ಹರಾಜಾಗುತ್ತಿದ್ದವು. ೧೯೩೩ರ ಜೂನಿನಲ್ಲಿ ಸ್ಥಾಪಿತವಾದ ಗೃಹಸ್ವಾಮಿಗಳ ಸಾಲ ನಿಗಮವು ಸುಮಾರು ಹತ್ತು ಲಕ್ಷ ಮನೆಗಳ ಸಾಲವನ್ನು ತಾನು ವಹಿಸಿಕೊಂಡು, ಹದಿನೈದು ವರ್ಷಗಳ ಕಂತಿನ ಸಾಲವಾಗಿ ಮಾರ್ಪಡಿಸಿತು. ಹೀಗೆ ದಯೆಯಿಂದ ಹೊರಟ ನಿಗಮವೂ ಕೊನೆಗೆ ಸುಮಾರು ಎರಡು ಲಕ್ಷ ಮನೆಗಳನ್ನು ವಶಪಡಿಸಿಕೊಳ್ಳಬೇಕಾಯಿತೆಂಬುದನ್ನು ಅದರ ಪ್ರಶಂಸಕರು ಅಷ್ಟಾಗಿ ಹೇಳುವುದಿಲ್ಲ.

ಅದೇ ನಿಗಮವು ನಗರಗಳ ಬೀದಿಬೀದಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ನಕಾಶೆಗಳನ್ನು ಸಿದ್ಧಪಡಿಸಿತು. ಕಡೆಯ ದರ್ಜೆಗೆ ಕೆಂಪು ಬಣ್ಣ. ಕ್ಲೀವ್‌ಲೆಂಡಿನಲ್ಲಿ ಕಪ್ಪು ಜನರು ವಾಸಿಸುತ್ತಿದ್ದ ಪೂರ್ವ ಭಾಗದ ಬೀದಿಗಳು ಈ ಬಣ್ಣವನ್ನು ಪಡೆದವು. ಈ ನಕಾಶೆಗಳೇ ಮುಂದಿನ ಎಲ್ಲ ಅನರ್ಥಗಳಿಗೂ ಕಾರಣವೆಂದು ಹೇಳುವುದು ಈಚಿನ ರೂಢಿ. ನಿಗಮವು ತನ್ನ ಸಾಲಗಳಲ್ಲಿ ಬಹುಪಾಲನ್ನು ನಕಾಶೆಗಳು ಸಿದ್ಧವಾಗುವ ಮುನ್ನವೇ ಕೊಟ್ಟಿತ್ತು ಎಂಬುದನ್ನು ಗಮನಿಸಿದರೆ ಆ ವಾದವನ್ನು ಸ್ವಲ್ಪ ಸಡಿಲಿಸಬೇಕೆಂದು ನಮಗೆ ತೋರುತ್ತದೆ. ನಕಾಶೆಗಳು ಆಗಲೇ ಇದ್ದ ಪಕ್ಷಪಾತವನ್ನು ದಾಖಲಿಸಿದವು. ಸರ್ಕಾರದ ಸಾಲವಿಮೆಯ ಇಲಾಖೆಯ ನಿಯಮಗಳು ಅದನ್ನು ದಶಕಗಳ ಕಾಲ ಆಚರಣೆಗೆ ತಂದವು. ಹೇಗಿದ್ದರೂ ಫಲ ಒಂದೇ: ಮೌಂಟ್ ಪ್ಲೆಸೆಂಟ್, ಗ್ಲೆನ್‌ವಿಲ್ ಮೊದಲಾದ ಭಾಗಗಳ ಜನರಿಗೆ ನ್ಯಾಯವಾದ ಬಡ್ಡಿಯ ಸಾಲ ದೀರ್ಘಕಾಲ ದುರ್ಲಭವಾಗಿತ್ತು.

೧೯೫೦ರಲ್ಲಿ ೯,೧೪,೮೦೮ ಇದ್ದ ನಗರದ ಜನಸಂಖ್ಯೆ ೨೦೦೦ದ ವೇಳೆಗೆ ಸುಮಾರು ೪,೭೮,೦೦೦ಕ್ಕೆ ಇಳಿಯಿತು. ಗಿರಣಿಗಳು ಮುಚ್ಚಿದವು, ಅನುಕೂಲವಿದ್ದವರು ಉಪನಗರಗಳಿಗೆ ಹೋದರು. ಉಳಿದವರು ವಯಸ್ಸಾದವರು, ಅನೇಕರು ಸಾಲವನ್ನು ಪೂರ್ತಿ ತೀರಿಸಿ ಮನೆಯನ್ನು ಸ್ವಂತ ಮಾಡಿಕೊಂಡವರು. ೧೯೯೦ರ ದಶಕದ ನಡುವಿನಲ್ಲಿ ಬಂದ ಹೊಸ ಬಗೆಯ ದಲ್ಲಾಳಿಗಳಿಗೆ ಬೇಕಾಗಿದ್ದುದು ಇಂಥ ಜನರೇ. ಸಾಲವೇ ಸಿಗದಿದ್ದ ಬೀದಿಗಳಿಗೆ ಈಗ ಸಾಲ ಮನೆಬಾಗಿಲಿಗೆ ಬಂದಿತು. ಮಾಡು ಸೋರುತ್ತಿದೆ, ರಿಪೇರಿಗೆ ಹಣ ಬೇಕು. ದಲ್ಲಾಳಿಯು ಮನೆಯ ಬೆಲೆಯನ್ನು ಹೆಚ್ಚಾಗಿ ಕಟ್ಟಿಸಿ, ರಿಪೇರಿಗೆ ಬೇಕಾದುದಕ್ಕಿಂತ ದೊಡ್ಡ ಸಾಲವನ್ನು ಬರೆಸುತ್ತಿದ್ದನು. ಸಬ್‌ಪ್ರೈಮ್ ಎಂದು ಹೆಸರಾದ ಈ ಸಾಲಗಳಲ್ಲಿ ಬಹಳ ಪ್ರಚಾರದಲ್ಲಿದ್ದ ಒಂದು ಬಗೆಯಲ್ಲಿ ಮೊದಲ ಎರಡು ವರ್ಷ ಬಡ್ಡಿ ಸ್ಥಿರ, ಉಳಿದ ಇಪ್ಪತ್ತೆಂಟು ವರ್ಷ ಏರಿಳಿತದ ಬಡ್ಡಿ. ಏರಿಳಿತವೆಂಬುದು ಸಾಲಗಾರನ ಅನುಭವದಲ್ಲಿ ಏರಿಕೆಯೇ. ಅವಧಿಗೆ ಮುನ್ನ ತೀರಿಸಿದರೆ ದಂಡ. ದಲ್ಲಾಳಿಗೆ ಕಮಿಷನ್ ಸಾಲ ಬರೆಸಿದ ದಿನವೇ ಸಲ್ಲುತ್ತಿತ್ತು; ಆಮೇಲೆ ಕಂತು ಬಂದರೇನು, ಬಾರದಿದ್ದರೇನು? ಪತ್ರವು ಒಬ್ಬರಿಂದ ಒಬ್ಬರಿಗೆ ಮಾರಾಟವಾಗಿ, ಸಾವಿರಾರು ಪತ್ರಗಳ ಕಟ್ಟಿನಲ್ಲಿ ಸೇರಿ, ಕೊನೆಗೆ ದೂರದ ಯಾವುದೋ ಬ್ಯಾಂಕಿನ ಧರ್ಮದರ್ಶಿತ್ವದಲ್ಲಿ ಹೂಡಿಕೆದಾರರ ಪಾಲಾಗುತ್ತಿತ್ತು.

ಕ್ಲೀವ್‌ಲೆಂಡನ್ನೊಳಗೊಂಡ ಕಯಾಹೋಗ ಜಿಲ್ಲೆಯಲ್ಲಿ ೧೯೯೫ರಿಂದ ೨೦೦೭ರ ಒಳಗೆ ವರ್ಷಕ್ಕೆ ಹೂಡಲಾಗುತ್ತಿದ್ದ ಅಡಮಾನ ದಾವೆಗಳು ಸುಮಾರು ನಾಲ್ಕು ಪಟ್ಟಾಗಿ, ಹದಿನಾಲ್ಕು ಸಾವಿರದ ಆಸುಪಾಸಿಗೆ ಏರಿದವು. ೨೦೦೭ರ ಒಂದು ತ್ರೈಮಾಸಿಕದಲ್ಲಿ ಸ್ಲಾವಿಕ್ ವಿಲೇಜನ್ನೊಳಗೊಂಡ ೪೪೧೦೫ ಎಂಬ ಅಂಚೆ ವಲಯವು ದಾವೆಗಳ ಸಂಖ್ಯೆಯಲ್ಲಿ ಇಡೀ ದೇಶದಲ್ಲಿಯೇ ಮೊದಲನೆಯದೆಂದು ವರದಿಯಾಯಿತು. ಅಲ್ಲಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೮ರಲ್ಲಿ ಈ ಜಿಲ್ಲೆಯ ಸಾಲಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡಿದಾಗ, ದಾವೆಯನ್ನು ಮುನ್ಸೂಚಿಸುವ ಅಂಶಗಳಲ್ಲಿ ಸಾಲದ ಬಗೆಯೇ ಎಲ್ಲಕ್ಕಿಂತ ಪ್ರಬಲವೆಂದು ಕಂಡುಬಂದಿತು. ಸಮಾನ ವರಮಾನವಿದ್ದ ಬಿಳಿಯರಿಗಿಂತ ಕಪ್ಪು ಸಾಲಗಾರರಿಗೆ ದುಬಾರಿ ಸಾಲ ಹೆಚ್ಚಾಗಿ ಸಂದಿದ್ದಿತು. ಸಾಲಗಾರರ ದುಂದುಗಾರಿಕೆಯೇ ವಿಪತ್ತಿನ ಮೂಲವೆಂಬ ವಾದ ಈ ಜಿಲ್ಲೆಯ ಮಟ್ಟಿಗೆ ನಿಲ್ಲುವುದಿಲ್ಲವೆಂದು ನಾವು ಭಾವಿಸುತ್ತೇವೆ.

ನಗರಸಭೆ ಕೈಕಟ್ಟಿ ಕುಳಿತಿರಲಿಲ್ಲ. ೨೦೦೨ರಲ್ಲಿ ಅದು ಇಂಥ ಸಾಲಗಳಿಗೆ ಕಡಿವಾಣ ಹಾಕುವ ಉಪವಿಧಿಗಳನ್ನು ಅಂಗೀಕರಿಸಿತು. ಅದೇ ವರ್ಷ ಒಹೈಯೊ ಶಾಸನಸಭೆಯು, ಸಾಲದ ನಿಯಂತ್ರಣ ಸಂಸ್ಥಾನಕ್ಕೆ ಮಾತ್ರ ಸೇರಿದ್ದು, ನಗರಗಳಿಗಲ್ಲ ಎಂಬ ಕಾನೂನನ್ನು ಮಾಡಿತು. ವಿವಾದವು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ೨೦೦೬ರಲ್ಲಿ ನಗರಕ್ಕೆ ವಿರುದ್ಧವಾಗಿ ತೀರ್ಮಾನವಾಯಿತು. ಹೀಗೆ ಅತ್ಯಂತ ಅವಶ್ಯವಾಗಿದ್ದ ನಾಲ್ಕು ವರ್ಷಗಳು ಅಧಿಕಾರವ್ಯಾಪ್ತಿಯ ಚರ್ಚೆಯಲ್ಲಿ ಕಳೆದವು.

ಸಾಲ ಕೊಟ್ಟವನಿಗೂ ಮನೆಗೂ ಸಂಬಂಧ ಎಷ್ಟು ಸಡಿಲಿಸಿತ್ತೆಂಬುದು ೨೦೦೭ರ ಅಕ್ಟೋಬರ್ ೩೧ರ ಒಂದು ಆಜ್ಞೆಯಲ್ಲಿ ಸ್ಪಷ್ಟವಾಗುತ್ತದೆ. ಕ್ಲೀವ್‌ಲೆಂಡಿನ ಫೆಡರಲ್ ನ್ಯಾಯಾಧೀಶರಾದ ಕ್ರಿಸ್ಟೊಫರ್ ಬಾಯ್ಕೊ ಅವರು ಡಾಯ್ಚ ಬ್ಯಾಂಕಿನ ಧರ್ಮದರ್ಶಿ ಸಂಸ್ಥೆ ಹೂಡಿದ್ದ ೧೪ ದಾವೆಗಳನ್ನು ಒಟ್ಟಿಗೆ ವಜಾ ಮಾಡಿದರು. ದಾವೆ ಹೂಡಿದ ದಿನ ಸಾಲಪತ್ರ ತನ್ನದಾಗಿತ್ತೆಂಬುದನ್ನು ವಾದಿಯು ದಾಖಲೆಯಿಂದ ತೋರಿಸಿರಲಿಲ್ಲ. ಊರಿನ ಸಾಹುಕಾರನು ಪೆಟ್ಟಿಗೆಯಿಂದ ಪತ್ರ ತೆಗೆದು ತೋರಿಸದೆ ನ್ಯಾಯಾಲಯದಲ್ಲಿ ನಿಲ್ಲಲಾರನು. ಕೋಟ್ಯಂತರ ಡಾಲರುಗಳ ಸಂಸ್ಥೆಗೂ ಅದೇ ನಿಯಮವೆಂದು ಹೇಳಬೇಕಾಗಿ ಬಂದುದೇ ಆ ಕಾಲದ ಲಕ್ಷಣ. ವಜಾ ಆದ ದಾವೆಗಳನ್ನು ಪತ್ರ ಸರಿಪಡಿಸಿಕೊಂಡು ಮತ್ತೆ ಹೂಡಲು ಅಡ್ಡಿಯಿರಲಿಲ್ಲವೆಂಬುದನ್ನೂ ಹೇಳಬೇಕು.

ಹರಾಜಿನ ಅನಂತರದ ಕಥೆ ಇನ್ನೂ ವಿಚಿತ್ರ. ಕೊಳ್ಳುವವರಿಲ್ಲದೆ ಬ್ಯಾಂಕುಗಳೇ ಮನೆಗಳನ್ನು ಹಿಡಿದು, ಹೊರಗಿನ ವ್ಯಾಪಾರಿಗಳಿಗೆ ಗುಂಪುಗುಂಪಾಗಿ ಕೆಲವೇ ಸಾವಿರ ಡಾಲರಿಗೆ ಮಾರಿದವು. ಖಾಲಿ ಬಿದ್ದ ಮನೆಗಳಿಂದ ತಾಮ್ರದ ಕೊಳವೆಗಳನ್ನೂ ಗೋಡೆಯ ಅಲ್ಯೂಮಿನಿಯಂ ಹೊದಿಕೆಯನ್ನೂ ಕಳ್ಳರು ಕಿತ್ತೊಯ್ದರು. ಕೆಲವು ಬ್ಯಾಂಕುಗಳು ಡಿಕ್ರಿ ಪಡೆದೂ, ಮನೆಗೆ ಬೆಲೆಯಿಲ್ಲವೆಂದು ಹರಾಜು ನಡೆಸದೆ ಬಿಟ್ಟವು. ನೋಟೀಸು ಕಂಡ ದಿನವೇ ಮನೆ ಕೈಬಿಟ್ಟಿತೆಂದು ತಿಳಿದು ಊರು ಬಿಟ್ಟ ಕುಟುಂಬಕ್ಕೆ, ಕಾನೂನಿನ ದೃಷ್ಟಿಯಲ್ಲಿ ಮನೆ ಇನ್ನೂ ತನ್ನದೇ, ಕಂದಾಯವೂ ದುರಸ್ತಿಯ ದಂಡವೂ ತನ್ನ ಮೇಲೆಯೇ ಎಂಬುದು ವರ್ಷಗಳ ತರುವಾಯ ತಿಳಿದುಬಂದ ನಿದರ್ಶನಗಳಿವೆ. ಇಂಥ ಪ್ರಕರಣಗಳು ನಗರದ ವಸತಿ ನ್ಯಾಯಾಲಯಕ್ಕೆ ಬಂದವು. ಅದರ ನ್ಯಾಯಾಧೀಶರಾಗಿದ್ದ ರೇಮಂಡ್ ಪಿಯಾಂಕ ಅವರು ಮನೆಯ ಒಡೆಯನೆಂದು ಯಾರ ಹೆಸರಿದೆಯೋ ಅವರು, ಬ್ಯಾಂಕೇ ಆಗಿದ್ದರೂ, ತಮ್ಮ ಮುಂದೆ ಹಾಜರಾಗಬೇಕೆಂದು ಪಟ್ಟುಹಿಡಿದು ಹೆಸರಾದರು. ೨೦೦೮ರ ಜನವರಿಯಲ್ಲಿ ನಗರವು ೨೧ ಹಣಕಾಸಿನ ಸಂಸ್ಥೆಗಳ ಮೇಲೆ ಸಾರ್ವಜನಿಕ ಉಪದ್ರವದ ದಾವೆಯನ್ನು ಹೂಡಿತು. ಹೊಗೆಯುಗುಳುವ ಕಾರ್ಖಾನೆಯಂತೆ ಈ ಸಾಲಗಳೂ ನೆರೆಹೊರೆಯನ್ನು ಕೆಡಿಸಿದವು ಎಂಬುದು ನಗರದ ವಾದ. ನ್ಯಾಯಾಲಯ ೨೦೦೯ರಲ್ಲಿ ದಾವೆಯನ್ನು ತಳ್ಳಿಹಾಕಿತು. ಹೂಡಿಕೆದಾರರ ಹಣಕ್ಕೂ ಬಿದ್ದುಹೋದ ಬೀದಿಗೂ ನಡುವಿನ ಕಾರಣದ ಸರಪಳಿ ಬಹಳ ಉದ್ದವೆಂದು ೨೦೧೦ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಹೇಳಿತು. ಸರಪಳಿಯನ್ನು ಉದ್ದಮಾಡಿದವರೇ ಅದರ ಉದ್ದದಿಂದ ಪಾರಾದರೆಂಬುದು ನಮ್ಮ ಅಭಿಪ್ರಾಯ.

ಫಲ ಕೊಟ್ಟ ಮಾರ್ಗ ಬೇರೆ ಕಡೆಯಿಂದ ಬಂದಿತು. ಜಿಲ್ಲೆಯ ಖಜಾಂಚಿ ಜಿಮ್ ರೊಕಾಕಿಸ್ ಅವರು ಮಿಷಿಗನ್ ಸಂಸ್ಥಾನದ ಫ್ಲಿಂಟ್ ಊರಿನ ಮಾದರಿಯನ್ನು ನೋಡಿ, ಒಹೈಯೊದಲ್ಲಿ ಭೂಬ್ಯಾಂಕಿನ ಕಾನೂನಿಗಾಗಿ ಶ್ರಮಿಸಿದರು. ೨೦೦೯ರಲ್ಲಿ ಕಯಾಹೋಗ ಜಿಲ್ಲೆಯ ಭೂಬ್ಯಾಂಕು ಕಾರ್ಯಾರಂಭ ಮಾಡಿತು. ಕಂದಾಯ ಬಾಕಿಯಿಂದ ಜಿಲ್ಲೆಗೆ ಸೇರಿದ ಮನೆಗಳು ಅದರ ವಶಕ್ಕೆ ಬಂದವು. ಫೆಡರಲ್ ಸಂಸ್ಥೆಯಾದ ಫ್ಯಾನಿ ಮೇ ತನ್ನ ಕಡಿಮೆ ಬೆಲೆಯ ಮನೆಗಳನ್ನು ತಲಾ ಒಂದು ಡಾಲರಿಗೆ ಅದಕ್ಕೆ ಒಪ್ಪಿಸಲು ಅದೇ ವರ್ಷಾಂತ್ಯದಲ್ಲಿ ಒಪ್ಪಿತು. ಉಳಿಸಬಲ್ಲ ಮನೆಗಳನ್ನು ದುರಸ್ತಿಗೆ ಕೊಟ್ಟು, ಉಳಿದ ಸಾವಿರಾರು ಮನೆಗಳನ್ನು ಅದು ಕೆಡವಿಸಿತು. ೨೦೧೬ರಲ್ಲಿ ಒಹೈಯೊ ತನ್ನ ಹರಾಜಿನ ಕಾನೂನನ್ನು ತಿದ್ದಿ, ಖಾಲಿ ಬಿದ್ದ ಮನೆಗಳ ದಾವೆಗಳು ಬೇಗ ಮುಗಿಯುವಂತೆಯೂ, ಮೊದಲ ಹರಾಜಿನಲ್ಲಿ ಕೊಳ್ಳುವವರಿಲ್ಲದಿದ್ದರೆ ಮೂರರಲ್ಲಿ ಎರಡು ಪಾಲಿನ ಮಿತಿಯಿಲ್ಲದೆ ಮತ್ತೆ ಕೂಗಬಹುದಾಗಿಯೂ ಮಾಡಿತು. ೨೦೨೦ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ೩,೭೨,೬೨೪. ಸ್ಲಾವಿಕ್ ವಿಲೇಜಿನ ಬೀದಿಗಳಲ್ಲಿ ಮನೆಗಳ ನಡುವೆ ಹುಲ್ಲು ಬೆಳೆದ ನಿವೇಶನಗಳಿವೆ. ಅವುಗಳಲ್ಲಿ ಕೆಲವನ್ನು ಪಕ್ಕದ ಮನೆಯವರು ಅಲ್ಪ ಬೆಲೆಗೆ ಕೊಂಡು ತಮ್ಮ ಹಿತ್ತಿಲಿಗೆ ಸೇರಿಸಿಕೊಂಡಿದ್ದಾರೆ.