ಹರ್ಷೆಲ್ ಹುಡುಕಿದ ಗಾಜು

ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಎಂತಹ ಗಾಜು ಬೇಕು? ಈ ಪ್ರಶ್ನೆ ಹೆಚ್ಚುಕಡಿಮೆ ದೂರದರ್ಶಕದಷ್ಟೇ ಹಳೆಯದು. 1611ರಲ್ಲಿ ಜರ್ಮನಿಯ ಪಾದ್ರಿ ಕ್ರಿಸ್ಟೋಫ್ ಷೈನರ್ ಬಣ್ಣದ ಗಾಜಿನ ಮೂಲಕ ಸೂರ್ಯನ ಕಲೆಗಳನ್ನು ನೋಡಿದರು. ಗೆಲಿಲಿಯೋ ತಮ್ಮ ಶಿಷ್ಯ ಕ್ಯಾಸ್ಟೆಲಿಯ ಉಪಾಯದಂತೆ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಚಿತ್ರ ಬರೆದರು. ಸೂರ್ಯನನ್ನು ನೋಡಿಯೇ ಗೆಲಿಲಿಯೋ ಕುರುಡರಾದರೆಂಬ ಮಾತು ಪ್ರಚಾರದಲ್ಲಿದೆ, ಅದನ್ನು ನಂಬಬೇಕಾಗಿಲ್ಲ. ಅವರು ದೃಷ್ಟಿ ಕಳೆದುಕೊಂಡದ್ದು ಕಾಲು ಶತಮಾನದ ನಂತರ, ಮುಪ್ಪಿನಲ್ಲಿ.

ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಹೆಸರು ನಿಮಗೆಲ್ಲ ನೆನಪಿರಬಹುದು. ವೃತ್ತಿಯಿಂದ ಅವರು ಸಂಗೀತಗಾರರಾಗಿದ್ದವರು. ಇಂಗ್ಲೆಂಡಿನಲ್ಲಿ ದೊಡ್ಡ ಕನ್ನಡಿಯ ದೂರದರ್ಶಕಗಳಿಂದ ಸೂರ್ಯನನ್ನು ನೋಡುವಾಗ ಬಗೆಬಗೆಯ ಬಣ್ಣದ ಗಾಜುಗಳನ್ನು ಜೋಡಿಸಿ ಪರೀಕ್ಷಿಸಿದರು. ಆಗ ಅವರಿಗೊಂದು ವಿಚಿತ್ರ ಗೋಚರಿಸಿತು. ಕೆಲವು ಗಾಜುಗಳಲ್ಲಿ ಬೆಳಕು ಮಂದವಾಗಿದ್ದರೂ ಕಣ್ಣಿಗೆ ಬಿಸಿ ತಾಗುತ್ತಿತ್ತು. ಬೇರೆ ಕೆಲವುಗಳಲ್ಲಿ ಬೆಳಕು ಧಾರಾಳ, ಬಿಸಿಯೇ ಇಲ್ಲ!

ಸಾಮಾನ್ಯರಾಗಿದ್ದರೆ ಬಿಸಿಯ ಗಾಜನ್ನು ಬದಿಗಿಟ್ಟು ಸುಮ್ಮನಾಗುತ್ತಿದ್ದರು. ಹರ್ಷೆಲ್ ಪ್ರಿಸಂನಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವನ್ನಿಟ್ಟರು. ನೇರಳೆಯಲ್ಲಿ 2, ಹಸಿರಿನಲ್ಲಿ ಮೂರೂಕಾಲು, ಕೆಂಪಿನಲ್ಲಿ ಸುಮಾರು 7 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಉಷ್ಣತೆ ಏರಿತು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು. 1800ರಲ್ಲಿ ಅವಕೆಂಪು ಕಿರಣಗಳು ಪತ್ತೆಯಾದದ್ದು ಹೀಗೆ. ಮರುವರ್ಷ ಅವರು ನೀರು ಬೆರೆಸಿ ಸೋಸಿದ ಶಾಯಿಯನ್ನೇ ಫಿಲ್ಟರಾಗಿ ಬಳಸಿದರು. ಸೂರ್ಯಬಿಂಬ ಹಿಮದಂತೆ ಬೆಳ್ಳಗೆ ಕಂಡಿತಂತೆ.

ಗ್ರಹಣ ಬಂದಾಗಲೆಲ್ಲ ಮಸಿ ಹಿಡಿಸಿದ ಗಾಜು, ಹಳೆಯ ಎಕ್ಸ್‌ರೇ ಹಾಳೆ ಹುಡುಕುವವರಿಗಾಗಿ ಇಷ್ಟನ್ನು ಬರೆದೆ. ಕಪ್ಪಾಗಿ ಕಂಡ ಮಾತ್ರಕ್ಕೆ ಅದು ಕಾಣದ ಕಿರಣಗಳನ್ನೂ ತಡೆಯುತ್ತದೆ ಎನ್ನಲಾಗದು. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ ಸುಡುವಾಗ ಎಚ್ಚರಿಕೆಯೂ ಸಿಗದು.

ಇಂದು ದೂರದರ್ಶಕಕ್ಕೆಂದು ದೊರೆಯುವ ಲೋಹಲೇಪಿತ ಹಾಳೆಗಳು ಬೆಳಕಿನ ಸುಮಾರು ಲಕ್ಷದಲ್ಲೊಂದು ಪಾಲನ್ನಷ್ಟೇ ಒಳಬಿಡುತ್ತವೆ. ಕಲೆಗಳನ್ನೂ ಅವುಗಳ ಸುತ್ತಲಿನ ಮಬ್ಬು ಅಂಚನ್ನೂ ನೋಡಲು ಅಷ್ಟು ಸಾಕು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳು ಬೇಕೆಂದರೆ, ಹೈಡ್ರೋಜನ್ ಸೂಸುವ 656.3 ನ್ಯಾನೋಮೀಟರಿನ ಕೆಂಪನ್ನು ಮಾತ್ರ ಬಿಡುವ ವಿಶೇಷ ಫಿಲ್ಟರ್ ಬೇಕು. ಅದು ಬಲು ದುಬಾರಿ. ಹಾಳೆಯನ್ನು ದೂರದರ್ಶಕದ ಮುಂಬಾಯಿಗೆ, ಗಾಳಿಗೆ ಹಾರದಂತೆ ಬಿಗಿಯಬೇಕು. ಹಿಂದೆ ಕಣ್ಣಿನ ಬದಿಯ ಮಸೂರಕ್ಕೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಮಾರುತ್ತಿದ್ದರು. ಕೇಂದ್ರೀಕೃತ ಬಿಸಿಗೆ ಅದು ಥಟ್ಟನೆ ಸೀಳಬಹುದು. ಮನೆಯಲ್ಲಿ ಅಂಥದ್ದೇನಾದರೂ ಉಳಿದಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ಎಸೆದುಬಿಡಿ.